ರಿಪೇರಿ ಸಿ.ಡಿ.ಯೂ ನಲವತ್ತನೇ ಕಟ್ಟೂ

ಕೆಟ್ಟಿದ್ದನ್ನ ರಿಪೇರಿ ಮಾಡೋರನ್ನ ನಾನು ಬೇಕಾದಷ್ಟು ನೋಡಿದೀನಿ. ನೆಟ್ಟಗಿರೋದನ್ನ ಹುಡುಕ್ಕೊಂಡು ಬಂದು ರಿಪೇರಿ ಮಾಡೋರನ್ನ ನೋಡಬೇಕು ಅಂದ್ರೆ ಮಾತ್ರ ಕಂಪ್ಯೂಟರ್ ಇರೋ ಕಡೆ ಕೆಲಸಕ್ಕೆ ಸೇರಬೇಕು. ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತಿದ್ದೆ. ಅಲ್ಲಿ ನಗೋ ಅಂಥದ್ದು ಬಹಳ ನಡೆದವು. ಆವಾಗ ನನಗೆ ನಗು ಬಂದಿಲ್ಲ, ಮೈ ಉರಿದಿದೆ. ಈಗ ಹೇಳುವಾಗಲೂ ಉರಿಯುತ್ತೆ. ಕೇಳಿದೋರು ಮಾತ್ರ ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಗಲಿ ಬಿಡಿ.

ನಮ್ಮದು ಮಡಕಶಿರದ ಕಡೆ, ಅಮರಾಪುರದ ಹತ್ತಿರ ಒಂದು ಹಳ್ಳಿ. ನನ್ನ ಓರಗೆಯ ಹೆಂಗಸರೆಲ್ಲ ಬೆಂಗಳೂರು ಬಸ್ ಹತ್ತಿ ಗಾರ್ಮೆಂಟ್ಸ್ ಸೇರ್ಕೊಂಡರು. ನಾನು ಮಡಕಶಿರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ, ಅಕ್ಕನ್ನ ರಾಯದುರ್ಗಕ್ಕೆ ಕೊಟ್ಟಿದ್ದರು, ಅದಕ್ಕೆ ಈ ಕಡೆ ಬಂದೆ. ಮಹಡಿ ಮೇಲೆ ರೂಮು, ಫ್ಯಾನಿನ ಕೆಳಗೆ ಕುರ್ಚಿ, ರೂಮಿಗೊಂದು ಬೀಗ, ಅದರ ಕೀಲಿ ನನ್ನ ಸೊಂಟದಲ್ಲಿ. ಎಲ್ಲರೂ ‘ಕಂಪ್ಯೂಟರಕ್ಕ’ ಅನ್ನೋರು. ನನಗೆ ಅಷ್ಟು ಮರ್ಯಾದೆ ಕೊಟ್ಟ ಕೆಲಸ ಇನ್ನೊಂದಿರಲಿಲ್ಲ. ಈಗ ಹೇಳೋದೆಲ್ಲ ಆ ಕೀಲಿ ನನ್ನ ಸೊಂಟದಿಂದ ಕಿತ್ತುಹೋಗೋ ಹಂತಕ್ಕೆ ಬಂದಿದ್ದರ ಕತೆ. ಅದೂ ಕಳ್ಳಿ ಅನ್ನೋ ಹೆಸರಿನ ಜೊತೆಗೆ.

ಕೆಲಸ ಇಷ್ಟೇ. ಕಟಿಂಗ್ ಮಾಸ್ತರು ಬಟ್ಟೆ ಕತ್ತರಿಸಿ, ಹನ್ನೆರಡು ಹನ್ನೆರಡು ಪ್ಯಾಂಟಿನಂತೆ ಕಟ್ಟು ಕಟ್ಟೋರು. ಒಂದೊಂದು ಕಟ್ಟಿಗೆ ಒಂದು ನಂಬರ್ ಚೀಟಿ ನಾನು ಕಂಪ್ಯೂಟರಿನಲ್ಲಿ ಹೊಡೆದು ಕೊಡಬೇಕು. ಹೊಲಿಗೆ ಮುಗಿದು ಬಳ್ಳಾರಿ ವ್ಯಾಪಾರಿಗೆ ಹೋಗೋ ಟೆಂಪೊ ಹತ್ತೋತನಕ ಅದೇ ಚೀಟಿ. ಟೆಂಪೊ ಹೊರಡುವಾಗ ಒಟ್ಟು ಎಷ್ಟು ಕಟ್ಟು ಅಂತ ಒಂದು ಸ್ಲಿಪ್ಪು. ನಮ್ಮ ಸಾವ್ಕಾರ್ರು ಮೊದಲನೇ ದಿನವೇ ಹೇಳಿದ್ದರು: “ನೋಡವಾ, ಕಂಪ್ಯೂಟರ್ ತಪ್ಪು ಮಾಡಂಗಿಲ್ಲ. ತಪ್ಪಾತು ಅಂದ್ರ ಅದು ನಿಂದೇ.”

ಬೋಣಿಗೇ ಸೊನ್ನೆ

ಮೊದಲನೇ ದಿನ ಚೀಟಿ ಹೊಡೆದೆ. ಮೊದಲನೇ ಚೀಟಿಯ ಮೇಲೆ ಸೊನ್ನೆ ಅಂತ ಬಂತು. ಎರಡನೇದರ ಮೇಲೆ ಒಂದು. ನಾನೇನೋ ತಪ್ಪು ಒತ್ತಿದೆ ಅಂದ್ಕೊಂಡು ಬೆಂಗಳೂರಿನ ಸಾಫ್ಟ್‌ವೇರಿನವನಿಗೆ ಫೋನ್ ಮಾಡಿದೆ.

“ಮೇಡಂ, ಅದು ಹಾಗೇ. ಪ್ರೋಗ್ರಾಂ ಬರೆದಿರೋ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದಲೇ ಶುರು.”

“ನೀವು ಮನೆಯಲ್ಲಿ ಮಕ್ಕಳನ್ನ ಹಂಗೇ ಎಣಿಸ್ತೀರಾ?”

“ನನಗಿನ್ನೂ ಮದುವೆ ಆಗಿಲ್ಲ ಮೇಡಂ.”

ಚೀಟಿ ಕಟ್ಟಿ ಕೊಟ್ಟು ಕಳಿಸಿದ ಹತ್ತು ನಿಮಿಷದಲ್ಲಿ ಆ ಸೊನ್ನೆ ಕಟ್ಟು ವಾಪಸ್ ಬಂತು. ಮೊದಲನೇ ಮಿಷಿನ್ನಿನ ಹೆಂಗಸು ಅದನ್ನ ನನ್ನ ಮೇಜಿನ ಮೇಲೆ ಕುಕ್ಕಿದಳು. “ಬೆಳಬೆಳಿಗ್ಗೆ ಬೋಣಿಗೇ ಸೊನ್ನೆ ಕೊಡ್ತೀಯೇನವಾ? ನಾನು ನಿನಗ ಏನು ಕೇಡು ಮಾಡೀನಿ?” ಎರಡನೇ ಮಿಷಿನ್ನಿನವಳೂ ಮುಟ್ಟಲಿಲ್ಲ. ಮೂರನೇದವಳು ಸೆರಗಿನಿಂದ ಆಚೆ ತಳ್ಳಿದಳು. ಆ ಕಟ್ಟು ಇಡೀ ಶೆಡ್ ಒಂದು ಸುತ್ತು ಹಾಕಿ ನನ್ನ ಹತ್ತಿರವೇ ಬಂತು. ಕೊನೆಗೆ ಪೆನ್ ತಗೊಂಡು ಸೊನ್ನೆಯ ಮೇಲೆ ದಪ್ಪಕ್ಕೆ ‘ಶ್ರೀ’ ಅಂತ ಬರೆದೆ. ಆಮೇಲೆ ಅದೇ ಕಟ್ಟಿಗೆ ಜಗಳ! ನನಗೆ ಕೊಡು, ತನಗೆ ಕೊಡು ಅಂತ.

ಆದರೆ ಸಂಜೆ ಇನ್ನೊಂದು ತಲೆನೋವು. ಮಾಸ್ತರು ಕಟ್ಟಿದ್ದು ನಲವತ್ತು ಕಟ್ಟು. ಚೀಟಿ ಸೊನ್ನೆಯಿಂದ ಶುರುವಾಗಿದ್ದಕ್ಕೆ ಕೊನೆಯದರ ಮೇಲೆ ಮೂವತ್ತೊಂಬತ್ತು ಅಂತಿತ್ತು. ಕಂಪ್ಯೂಟರ್ ಆ ಕೊನೇ ನಂಬರನ್ನೇ ಒಟ್ಟು ಅಂತ ತಿಳ್ಕೊಂಡು ಸ್ಲಿಪ್ಪಿನ ಮೇಲೆ ಮೂವತ್ತೊಂಬತ್ತು ಹೊಡೆಯಿತು. ಓಡಿಹೋಗಿ ಸಾವ್ಕಾರ್ರಿಗೆ ಹೇಳಿದೆ, ಒಂದು ಕಮ್ಮಿ ತೋರಿಸ್ತೈತೆ ಅಂತ. ಅವರು ಟೆಂಪೊ ಹತ್ತಿರ ಹೋಗಿ, ಅಲ್ಲಿ ಎಣಿಸೋ ತಾತನ್ನ ಕೇಳ್ಕೊಂಡು ಬಂದರು. ತಾತನ ಲೆಕ್ಕವೂ ಮೂವತ್ತೊಂಬತ್ತು.

“ಕಂಪ್ಯೂಟರ್ ಮೂವತ್ತೊಂಬತ್ತು ಅಂತೈತಿ, ತಾತ ಮೂವತ್ತೊಂಬತ್ತು ಅಂತಾನ. ನೀನು, ನಿಮ್ಮ ಮಾಸ್ತರು, ಇಬ್ಬರಿಗೇ ನಲವತ್ತು ಕಂಡೈತಿ. ಮಾಸ್ತರ, ನಲವತ್ತರ ತನಕ ಎಣಿಸಾಕ ಬರ್ತೈತೇನಪಾ ನಿನಗ?”

ಮಾಸ್ತರ ಮುಖ ಕೆಂಪಾಯ್ತು. ಅವತ್ತಿಂದ ಎಷ್ಟು ಕಟ್ಟು ಅಂತ ಯಾರು ಕೇಳಿದರೂ ಅವರು ಒಂದೇ ಮಾತು ಹೇಳೋರು: “ನನ್ನ ಯಾಕ ಕೇಳ್ತೀರಿ, ನನಗ ಪ್ಯಾಂಟು ಕತ್ತರಿಸಾಕ ಬರ್ತೈತಿ ಅಷ್ಟ. ಎಣಿಸಾಕ ತಾತ ಅದಾನ.”

ಅಮಾವಾಸ್ಯೆಗೆ ರಜ

ವರ್ಷಕ್ಕೊಂದು ಸಲವೋ ಎರಡು ಸಲವೋ ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಒಂದು ಸಿ.ಡಿ. ಬರೋದು. ಜೊತೆಗೆ ಒಂದು ಹಾಳೆ, ಇಂಗ್ಲಿಷಿನಲ್ಲಿ. ಏನೇನು ದೋಷ ಸರಿಪಡಿಸಿದೀವಿ ಅನ್ನೋ ಪಟ್ಟಿ. ಮೊದಲನೇ ಸಲ ಬಂದಾಗ ನಾನು ಫೋನ್ ಮಾಡಿ ಕೇಳಿದೆ, ಏನಪ್ಪಾ ಇದು, ನಾವೇನೂ ಕೆಟ್ಟೈತೆ ಅಂತ ಹೇಳಿಲ್ಲವಲ್ಲ ಅಂತ.

“ನಮ್ಮ ಪ್ರೋಗ್ರಾಂ ಮುಟ್ಟಿಲ್ಲ ಮೇಡಂ. ಅದನ್ನ ಬರೆದಿರೋ ಭಾಷೆಗೇ ಮೇಂಟೆನೆನ್ಸ್ ಅಪ್‌ಡೇಟ್ ಬಂದಿದೆ. ಭಾಷೆಯಲ್ಲಿ ಕೆಲವು ಹಳೇ ತಪ್ಪಿದ್ದವು, ಸರಿ ಮಾಡಿದಾರೆ.”

ಭಾಷೆಗೆ ಎಂಥ ರಿಪೇರಿಯಪ್ಪಾ? ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಎಂ.ಆರ್.ಓ. ಅಂದ್ರೆ ತಹಸೀಲ್ದಾರ್ ಆಫೀಸಿನಲ್ಲಿ ಎರಡೂ ಕಲಸಿ ಮಾತಾಡೋ ಜನ. ಯಾರೂ ಇದುವರೆಗೆ ಸಿ.ಡಿ. ಕಳಿಸಿಲ್ಲ.

ಹಾಳೆಯಲ್ಲಿ ಒಂದು ಸಾಲಿತ್ತು: ಹಿಂದಿನ ತಾರೀಖನ್ನು ಒಪ್ಪಿಕೊಳ್ಳುತ್ತಿದ್ದ ದೋಷ ಸರಿಪಡಿಸಲಾಗಿದೆ. ನಮಗೆ ಆ ದೋಷ ಬೇಕಿತ್ತು. ಯಾಕಂದ್ರೆ ನಮ್ಮ ಸಾವ್ಕಾರ್ರು ಅಮಾವಾಸ್ಯೆ ದಿನ ಹೊಸ ಕಟಿಂಗ್ ಶುರು ಮಾಡ್ತಿರಲಿಲ್ಲ. ಆರ್ಡರ್ ಅವಸರದ್ದಿದ್ದರೆ ನಾನು ಕಂಪ್ಯೂಟರಿನಲ್ಲಿ ಹಿಂದಿನ ದಿನದ ತಾರೀಖು ಹಾಕಬೇಕು. ಕಂಪ್ಯೂಟರ್ ನಿನ್ನೆಯೇ ಶುರುವಾಗಿದೆ ಅಂದ ಮೇಲೆ ಇವತ್ತು ಕತ್ತರಿ ಹಾಕಿದರೆ ಅದು ಶುರು ಅಲ್ಲ, ಮುಂದುವರಿಕೆ. ದೇವರಿಗೂ ಒಪ್ಪಿಗೆ, ಸಾವ್ಕಾರ್ರಿಗೂ ಒಪ್ಪಿಗೆ.

ಈಗ ಕಂಪ್ಯೂಟರ್ ಒಪ್ಪಲಿಲ್ಲ. ಸಾವ್ಕಾರ್ರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕೂಗಾಡಿದರು: “ರೀ, ಅಮಾವಾಸ್ಯೆಗೆ ಏನಾರ ದಾರಿ ಮಾಡ್ರಿ ನಿಮ್ಮ ಕಂಪ್ಯೂಟರಿನಾಗ!” ಆತ ಪಾಪ, ಬಹಳ ವಿಧೇಯ. ನಮ್ಮಿಂದ ಪಂಚಾಂಗ ತೆಗೆಸಿ ಎಲ್ಲ ಅಮಾವಾಸ್ಯೆಗಳನ್ನೂ ಕೇಳಿ ಬರ್ಕೊಂಡ. ಮುಂದಿನ ಸಿ.ಡಿ.ಯಲ್ಲಿ ಅಮಾವಾಸ್ಯೆಗಳನ್ನೆಲ್ಲ ರಜ ಅಂತ ಸೇರಿಸಿಬಿಟ್ಟ. ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ ಅಂತಾರಲ್ಲ, ಹಂಗೆ. ಅಮಾವಾಸ್ಯೆ ದಿನ ಕಂಪ್ಯೂಟರ್ ಹಾಕಿದರೆ ‘ಇಂದು ರಜ’ ಅಂತ ಒಂದು ಸಾಲು, ಅದರಾಚೆ ಏನೂ ಇಲ್ಲ. ಚೀಟಿ ಇಲ್ಲ, ಹಾಜರಿ ಇಲ್ಲ. ಕೆಳಗಿಳಿದು ಹೋದರೆ ನಲವತ್ತು ಜನ ಮಿಷಿನ್ ಮುಂದೆ ಕೂತು ನನ್ನ ಮುಖ ನೋಡ್ತಾವ್ರೆ.

ಸಾವ್ಕಾರ್ರು ಪರದೆ ಮುಂದೆ ಬಂದು ನಿಂತರು. ಬಯ್ತಾರೆ ಅಂತ ನಾನು ತಯಾರಾದೆ. ಅವರು ಆ ಸಾಲು ಓದಿ, ಮೆತ್ತಗೆ ಅಂದರು: “ಈ ಯೂನಿಟ್ಟಿನಾಗ ನಾನು ಒಬ್ಬನೇ ಮಡಿವಂತ ಅಂದ್ಕಂಡಿದ್ದೆ ನೋಡವಾ.”

ಐದು ಜನ ಜಾಸ್ತಿ

ಅದಾದ ಮೇಲಿನ ಸಿ.ಡಿ.ಯ ಹಾಳೆಯಲ್ಲಿ ಇದ್ದ ಸಾಲು: ಒಂದೇ ಹೆಸರು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ದೋಷ ಸರಿಪಡಿಸಲಾಗಿದೆ.

ದೋಷವಂತೆ! ನಮ್ಮ ಯೂನಿಟ್ಟಿನಲ್ಲಿ ಮಾರೆಕ್ಕ ಅನ್ನೋರು ಆರು ಜನ ಇದ್ದರು. ಹಟ್ಟಿಗೆ ನಾಲ್ಕು ಮಾರೆಕ್ಕ ಇರೋ ಸೀಮೆ ಇದು. ಆ ಸಿ.ಡಿ. ಹಾಕಿದ ಮೇಲೆ ಕಂಪ್ಯೂಟರ್ ಆರು ಜನರನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿಬಿಟ್ಟಿತು. ಸಂಬಳ ಸಾವ್ಕಾರ್ರು ತಮ್ಮ ಪುಸ್ತಕ ನೋಡಿ ಕೊಡ್ತಿದ್ದರಿಂದ ನನಗೂ ಗೊತ್ತಾಗಿಲ್ಲ. ಗೊತ್ತಾಗಿದ್ದು ಆಯುಧ ಪೂಜೆಯ ದಿನ.

ಅವತ್ತು ವರ್ಷದಲ್ಲಿ ಎಲ್ಲರಿಗಿಂತ ಜಾಸ್ತಿ ಹೊಲಿದವರಿಗೆ ಸಾವ್ಕಾರ್ರು ಒಂದು ಸ್ಟೀಲ್ ಬಿಂದಿಗೆ ಕೊಡೋರು. ನಾನು ಹೊಡೆದುಕೊಟ್ಟ ಹಾಳೆ ನೋಡಿ ಅವರ ಕಣ್ಣು ಅರಳಿತು. ಮಿಷಿನ್ನುಗಳಿಗೆಲ್ಲ ಹೂವು, ಕುಂಕುಮ ಆಗಿತ್ತು. ಎಲ್ಲರನ್ನೂ ಕೂರಿಸಿ ಭಾಷಣ ಶುರು ಮಾಡಿದರು. “ನೋಡ್ರಿ, ನಿಮ್ಮಂಗೇ ಒಬ್ಬ ಹೆಣ್ಮಗಳು. ನಿಮಗಿರೋದೂ ಎರಡೇ ಕೈ, ಆಕಿಗೂ ಎರಡೇ. ಆರು ಮಂದಿ ಮಾಡೋ ಕೆಲಸ ಒಬ್ಬಾಕಿ ಮಾಡ್ಯಾಳ! ನೀರು ಕುಡಿಯಾಕೂ ಎದ್ದಿರಂಗಿಲ್ಲ. ಆಕಿ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ನೀವು. ಬಾರವಾ ಮಾರೆಕ್ಕ, ಮುಂದಕ್ಕ ಬಾ.”

ಆರು ಜನ ಎದ್ದು ಬಂದರು. ಆರು ಜನರೂ ಬಿಂದಿಗೆಗೆ ಕೈ ಹಾಕಿದರು. ಒಬ್ಬಳು ಕಂಠ ಹಿಡಿದಳು, ಒಬ್ಬಳು ತಳ ಹಿಡಿದಳು, ಮಿಕ್ಕೋರು ಹೊಟ್ಟೆ ಅವುಚಿಕೊಂಡರು. ಬಿಡೋರು ಯಾರೂ ಇಲ್ಲ. ಸಾವ್ಕಾರ್ರು ಬಿಂದಿಗೆಯ ಜೊತೆ ತಾವೂ ಅತ್ತ ಇತ್ತ ತೂಗಾಡ್ತಾ ನನ್ನ ಕಡೆ ತಿರುಗಿ ಕಿರುಚಿದರು: “ಇವರಾಗ ಯಾರವಾ? ಕಂಪ್ಯೂಟರ್ ಒಬ್ಬಾಕಿ ಅಂತೈತಲ್ಲ!”

ನನಗೂ ಆ ಹೊತ್ತಿಗೆ ಪಿತ್ತ ನೆತ್ತಿಗೇರಿತ್ತು. ಆ ಸಿ.ಡಿ.ಗಳ ಉಸಾಬರಿಗೆ ವರ್ಷವೆಲ್ಲ ಬೈಸ್ಕೊಂಡಿದ್ದೆ. “ಕಂಪ್ಯೂಟರ್ ತಪ್ಪು ಮಾಡಲ್ಲ ಸಾವ್ಕಾರ್ರೇ,” ಅಂದೆ. “ಅವರಮ್ಮಂದಿರೇ ಲೆಕ್ಕ ತಪ್ಪಿ ಐದು ಜನ ಜಾಸ್ತಿ ಹಡೆದವ್ರೆ.”

ಟಿಫಿನ್ ಡಬ್ಬಿಯೊಳಗೆ ಹನ್ನೆರಡು ಪ್ಯಾಂಟು

ನಾಲ್ಕು ವರ್ಷ ಕಳೆದ ಮೇಲೆ ಬಂದ ಸಿ.ಡಿ. ಮಾತ್ರ ನನ್ನ ಪ್ರಾಣಕ್ಕೇ ಬಂತು. ಹಾಳೆಯಲ್ಲಿ ಒಂದೇ ಒಂದು ಸಾಲು: ಒಟ್ಟು ಸಂಖ್ಯೆಯನ್ನು ಒಂದು ಕಡಿಮೆ ತೋರಿಸುತ್ತಿದ್ದ ದೋಷ ಸರಿಪಡಿಸಲಾಗಿದೆ.

ಓದಿ ಕುಣಿದಾಡಿದೆ. ನಾನು ಮೊದಲನೇ ದಿನವೇ ಹೇಳಿದ್ದೆನಲ್ಲ! ಸಿ.ಡಿ. ಹಾಕಿದೆ. ಚೀಟಿ ಒಂದರಿಂದ ಶುರುವಾಗಿ ನಲವತ್ತಕ್ಕೆ ನಿಂತವು. ಸ್ಲಿಪ್ಪಿನ ಮೇಲೂ ನಲವತ್ತು. ಸ್ಲಿಪ್ಪು ಎತ್ತಿಕೊಂಡು ಹೋಗಿ ಸಾವ್ಕಾರ್ರ ಮುಂದೆ ಇಟ್ಟೆ.

ಅರ್ಧ ಗಂಟೆಗೆ ಅವರು ಟೆಂಪೊ ಹತ್ತಿರ ಹೋಗಿ ವಾಪಸ್ ಬಂದರು. “ತಾತನ ಲೆಕ್ಕ ಮೂವತ್ತೊಂಬತ್ತು. ಒಂದು ಕಟ್ಟು ಎಲ್ಲಿ?”

“ಮೊದಲೂ ನಲವತ್ತೇ ಇದ್ದವು ಸಾವ್ಕಾರ್ರೇ. ಕಂಪ್ಯೂಟರ್ ಒಂದು ಕಮ್ಮಿ ತೋರಿಸ್ತಿತ್ತು. ಈಗ ಸರಿ ಆಗೈತೆ, ಹಾಳೆ ನೋಡ್ರಿ.”

“ನಾಲ್ಕು ವರ್ಷ ಒಂದ್ಸಲನೂ ತಪ್ಪದ ಲೆಕ್ಕ, ಸರಿ ಆದ ದಿನವೇ ತಪ್ಪಿತೇನು? ಇದೆಂಥ ಸರಿ?”

ಮುಂದಿನ ಲೋಡೂ ಹಂಗೇ. ಅದರ ಮುಂದಿನದೂ ಹಂಗೇ. ನಾನು ಮಧ್ಯಾಹ್ನ ಇಳಿದುಹೋಗಿ ಕಟ್ಟು ಎಣಿಸಿದರೆ ನಲವತ್ತು. ಸಂಜೆ ತಾತ ಎಣಿಸಿದರೆ ಮೂವತ್ತೊಂಬತ್ತು. ಸಾವ್ಕಾರ್ರು ಸ್ಲಿಪ್ಪಿನ ನಲವತ್ತನ್ನ ಪೆನ್ನಿನಿಂದ ಹೊಡೆದುಹಾಕಿ ಮೂವತ್ತೊಂಬತ್ತು ಅಂತ ಬರೆದು ಬಳ್ಳಾರಿಗೆ ಕಳಿಸೋರು. ಊಟದ ಹೊತ್ತಿಗೂ ಟೆಂಪೊ ಹೊತ್ತಿಗೂ ನಡುವೆ ಯಾರೋ ಕದೀತಾರೆ ಅಂತ ಅವರ ತೀರ್ಮಾನ.

ಗೇಟಿನಲ್ಲಿ ವಾಚ್‌ಮನ್ನು ಹೆಂಗಸರ ಚೀಲ ಬಿಚ್ಚಿಸೋಕೆ ಶುರು ಮಾಡಿದ. ‘ಸಂಚಿ ತೆರವಮ್ಮಾ, ಡಬ್ಬಾ ತೆರವಮ್ಮಾ’ ಅಂತ ತೆಲುಗಿನಲ್ಲಿ ಒಂದೇ ರಾಗ, ಚೀಲ ತೆಗಿ, ಡಬ್ಬಿ ತೆಗಿ. ದಿನವೆಲ್ಲ ಬೆನ್ನು ಬಗ್ಗಿಸಿ ಹೊಲಿದು ಮನೆಗೆ ಹೊರಟ ಹೆಂಗಸರು ಸಾಲಾಗಿ ನಿಂತು, ತೊಳೆದ ಟಿಫಿನ್ ಡಬ್ಬಿ ತೆಗೆದು ತೋರಿಸಬೇಕು. “ಅಲ್ಲಯ್ಯಾ, ಹನ್ನೆರಡು ಜೀನ್ಸ್ ಪ್ಯಾಂಟು ಟಿಫಿನ್ ಡಬ್ಬಿಯಲ್ಲಿ ಹಿಡೀತಾವಾ?” ಅಂತ ಕೇಳಿದೆ. ಆತ ಬಹಳ ಯೋಚನೆ ಮಾಡಿ, “ಮಡಚಿದ್ರ?” ಅಂದ.

ಆದರೆ ಅದು ನಕ್ಕು ಬಿಡೋ ವಿಷಯ ಆಗಿರಲಿಲ್ಲ. ಡಬ್ಬಿಗಳಲ್ಲಿ ಏನೂ ಸಿಗದೆ ಇದ್ದಾಗ ಅನುಮಾನ ನನ್ನ ಕಡೆ ತಿರುಗಿತು. ಚೀಟಿ ಹೊಡೆಯೋಳು ನಾನು, ಹೊಸ ಸಿ.ಡಿ. ಹಾಕಿದೋಳು ನಾನು. ಒಂದು ಬುಧವಾರ ಸಾವ್ಕಾರ್ರು ಶೆಡ್ಡಿನ ನಟ್ಟನಡುವೆ ನಿಂತು ಅಂದೇಬಿಟ್ಟರು: “ಎಲ್ಲಾ ಈ ಕಳ್ಳೀದೇ ಕೆಲಸ. ಶನಿವಾರದ ಟೆಂಪೊ ಹೊರಡೋದರಾಗ ಆ ಕಟ್ಟು ಎಲ್ಲಿ ಹೋಗ್ತೈತಿ ತೋರಿಸು. ಇಲ್ಲಾಂದ್ರ ಕೀಲಿ ಮೇಜಿನ ಮೇಲಿಟ್ಟು ನಿಮ್ಮೂರಿಗೆ ನಡಿ.”

ನಲವತ್ತು ಮಿಷಿನ್ನೂ ನಿಂತುಹೋದವು. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದರಂತೆ. ರಾಯದುರ್ಗದಲ್ಲಿ ಓಣಿಗೆರಡು ಜೀನ್ಸ್ ಯೂನಿಟ್ಟು. ಒಂದು ಕಡೆ ಕಳ್ಳಿ ಅನ್ನಿಸ್ಕೊಂಡವಳನ್ನ ಇನ್ನೊಂದು ಕಡೆ ಗೇಟಿನೊಳಗೇ ಬಿಡಲ್ಲ. ಊರಿಗೆ ಹೋದರೆ ಕೇಳೋರಿಗೆ ಏನಂತ ಹೇಳಲಿ? ಆ ಸಾಫ್ಟ್‌ವೇರಿನವನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ: “ಶನಿವಾರ ನೀನು ಇಲ್ಲಿಗೆ ಬರದಿದ್ರೆ ಭಾನುವಾರ ನಾನೇ ಅಲ್ಲಿಗೆ ಬತ್ತೀನಿ.”

ಗೀಟು

ಬಂದ. ಇಸ್ತ್ರಿ ಮಾಡಿದ ಶರ್ಟು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಬಸ್ಸಿನ ಧೂಳಿಗೆ ರೆಪ್ಪೆಯೆಲ್ಲ ಕೆಂಪು. ನಾಲ್ಕು ಗಂಟೆಗೆ ಟೆಂಪೊ ಬಂದು ನಿಂತಿತು. ಸಾವ್ಕಾರ್ರು, ಮಾಸ್ತರು, ವಾಚ್‌ಮನ್ನು, ಹೊಲಿಗೆಯೋರೆಲ್ಲ ಸುತ್ತ ನೆರೆದರು. ನಾನು ಕೀಲಿ ಕೈಯಲ್ಲೇ ಹಿಡ್ಕೊಂಡಿದ್ದೆ.

ನನ್ನ ರೂಮು ಮೇಲಿನ ಮಹಡಿಯಲ್ಲಿ. ಟೆಂಪೊ ತುಂಬೋ ಹೊತ್ತಿಗೆ ನಾನು ಸ್ಲಿಪ್ಪು ಹೊಡೆಯುತ್ತಾ ಕೂತಿರಬೇಕು. ಹಂಗಾಗಿ ತಾತ ಎಣಿಸೋದನ್ನ ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ನೋಡಿರಲಿಲ್ಲ. ತಾತ ಮೊದಲು ಕಣಗಳಲ್ಲಿ ಶೇಂಗಾ, ರಾಗಿ ಅಳೆಯೋ ಕೆಲಸ ಮಾಡಿದೋನು. ಕೈ ಅಳತೆಗೆ ಹೆಸರಾದೋನು. ಟೆಂಪೊ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು, ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡ.

ಹಮಾಲಿ ಮೊದಲನೇ ಕಟ್ಟು ಎತ್ತಿ ಟೆಂಪೊಗೆ ಹಾಕಿದ. ತಾತ ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡು, ಗಟ್ಟಿಯಾಗಿ “ಲಾಭ” ಅಂದ. ಎರಡನೇ ಕಟ್ಟು ಬಿತ್ತು. ಆಗ ಸೀಮೆಸುಣ್ಣ ತೆಗೆದು ಟೆಂಪೊ ಹಲಗೆ ಮೇಲೆ ಒಂದು ಗೀಟು ಎಳೆದ. ಮೂರನೇದಕ್ಕೆ ಎರಡನೇ ಗೀಟು.

“ನಿಲ್ಲಿಸ್ರಿ!” ಅಂತ ಕಿರುಚಿದೆ. ಹಮಾಲಿ ಕಟ್ಟು ಹೊತ್ತುಕೊಂಡು ಹಂಗೇ ನಿಂತ.

“ತಾತ, ಮೂರು ಕಟ್ಟು ಹೋದವು. ಗೀಟು ಎರಡೇ ಐತಲ್ಲ. ಮೊದಲನೇ ಕಟ್ಟಿನ ಗೀಟು ಎಲ್ಲಿ?”

ತಾತ ಎಲೆ ಅಡಿಕೆ ಉಗುಳಿ ಬಂದು, ಹುಚ್ಚಿಯನ್ನ ನೋಡಿದಂಗೆ ನೋಡಿದ. “ಅದು ಲಾಭ ಅಲ್ಲೇನವಾ? ಕಣದಾಗ ಮೊದಲ್ನೇ ಅಳತೆಗೆ ಒಂದು ಅಂತ ಯಾರಾರ ಅಂತಾರೇನು? ಲಾಭ ದೇವರದು. ದೇವರ ಪಾಲಿಗೆ ಗೀಟು ಎಳದು ಲೆಕ್ಕ ಕೇಳಾಕ ನಾನ್ಯಾರು?”

“ಎಷ್ಟು ವರ್ಷದಿಂದ ಹಿಂಗೆ?”

“ಹುಟ್ಟಿದಾಗಿಂದ.”

ಸಾಫ್ಟ್‌ವೇರಿನವನ ಮುಖ ಹಬ್ಬದಂಗೆ ಅರಳಿತು. “ಮೇಡಂ, ತಾತನೂ ಸೊನ್ನೆಯಿಂದಲೇ ಎಣಿಸ್ತಾರೆ! ನಮ್ಮ ಭಾಷೆಯ ಹಳೇ ತಪ್ಪೂ ಇವರದೂ ಒಂದೇ. ಅದಕ್ಕೇ ನಾಲ್ಕು ವರ್ಷ ತಾಳೆ ಆಗಿದೆ. ನಮ್ಮದನ್ನ ಮಾತ್ರ ಸರಿ ಮಾಡಿಬಿಟ್ಟರು, ಇವರದು ಹಾಗೇ ಉಳೀತು!”

“ಹಂಗಾದ್ರ ತಾತಗೂ ಒಂದು ಸಿ.ಡಿ. ಹಾಕ್ರಿ,” ಅಂದರು ಮಾಸ್ತರು. ನಾಲ್ಕು ವರ್ಷದ ಸಿಟ್ಟು ಅವರದು.

“ನನಗ ಎಪ್ಪತ್ತಾತು,” ಅಂದ ತಾತ. “ಇನ್ನ ರಿಪೇರಿ ಆಗಂಗಿಲ್ಲ.”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾವ್ಕಾರ್ರು ನಗಲಿಲ್ಲ. ಅವರ ತಲೆಯಲ್ಲಿ ಬೇರೆ ಏನೋ ಓಡ್ತಿತ್ತು. ಸ್ಲಿಪ್ಪಿನ ಮೇಲೆ ಮೂವತ್ತೊಂಬತ್ತು, ಟೆಂಪೊದಲ್ಲಿ ನಲವತ್ತು. ಲೋಡಿಗೊಂದು ಕಟ್ಟು, ನಾಲ್ಕು ವರ್ಷ. ಅಲ್ಲೇ ಬಳ್ಳಾರಿಯ ವ್ಯಾಪಾರಿಗೆ ಫೋನ್ ಹಚ್ಚಿದರು. ಸಿಟ್ಟಿಗೆ ಸ್ಪೀಕರ್ ಆನ್ ಆಗಿದ್ದೂ ನೋಡಲಿಲ್ಲ.

“ಅಲ್ರಿ, ಇಷ್ಟು ವರ್ಷ ಒಂದೊಂದು ಕಟ್ಟು ಹೆಚ್ಚಿಗಿ ಬಂದೈತಿ. ಒಂದು ಮಾತು ಹೇಳಬಾರದೇನ್ರಿ?”

ಆ ಕಡೆಯಿಂದ ನಿಧಾನಕ್ಕೆ ಉತ್ತರ ಬಂತು: “ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಅಂತ ನೀವ ಹೇಳಿದ್ರಲ್ರಿ. ನಾವೆಲ್ಲಿ ದೊಡ್ಡವರ ಮಾತು ಮೀರೋದು ಅಂತ ಸುಮ್ನಿದ್ವಿ.”

ಸಾವ್ಕಾರ್ರು ಫೋನ್ ಜೇಬಿಗೆ ಹಾಕ್ಕೊಂಡರು. ಏನೂ ಆಗದಿದ್ದಂಗೆ ಹಮಾಲಿಗೆ, “ತುಂಬು ತುಂಬು, ಹೊತ್ತಾತು,” ಅಂದು, ಒಳಕ್ಕೆ ಹೊರಟರು. ನಾನು ಹೋಗಿ ಅಡ್ಡ ನಿಂತೆ.

“ಸಾವ್ಕಾರ್ರೇ, ನನ್ನ ಕಳ್ಳಿ ಅಂದಿದ್ದು ನಲವತ್ತು ಜನರ ಮುಂದೆ. ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ಅದು ತೊಳ್ಕೊಂಡು ಹೋಗಲ್ಲ. ಈ ನಲವತ್ತು ಜನರ ಮುಂದೆಯೇ ಹೇಳ್ರಿ. ಇಲ್ಲದಿದ್ರೆ ಇಗೋ ನಿಮ್ಮ ಕೀಲಿ, ನಾನು ಹೊಂಟೆ.”

“ಆತು ಬಿಡವಾ, ಸಿಟ್ಟಿನಾಗ ಬಂದಿತ್ತು ಮಾತು.”

“ಬಿಡಲ್ಲ.”

ಅವರು ಮಾಸ್ತರ ಕಡೆ ನೋಡಿದರು. ಮಾಸ್ತರು ಆಕಾಶ ನೋಡಿದರು. ವಾಚ್‌ಮನ್ನು ಗೇಟಿಗೆ ಓಡಿಹೋಗಿದ್ದ. ಕೊನೆಗೆ ಟೆಂಪೊ ಚಕ್ರದ ಕಡೆ ಮುಖ ಮಾಡಿ, ಗಂಟಲು ಸರಿ ಮಾಡ್ಕೊಂಡು, ಬಾಯೊಳಗೇ ಅಂದರು: “ಈಕಿ ಕಳ್ಳಿ ಅಲ್ಲ. ನಂದೇ ತಪ್ಪಾತು.”

ನಾನು ತಾತನ ಕಡೆ ತಿರುಗಿದೆ. “ತಾತ, ಗೀಟು ಎಳೆದ್ಯಾ?”

ತಾತ ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡ. “ಮೊದಲ್ನೇದು ತಾಯಿ. ಲಾಭ. ಲೆಕ್ಕಕ್ಕ ಬರಂಗಿಲ್ಲ.”

“ಕೇಳಿಸ್ತಾ ಸಾವ್ಕಾರ್ರೇ? ಇನ್ನೊಂದ್ಸಲ ಹೇಳ್ರಿ.”

ಹೇಳಿದರು. ಈ ಸಲ ಶೆಡ್ಡಿನ ಕೊನೆಯ ಮಿಷಿನ್ನಿನ ತನಕ ಕೇಳಿಸೋ ಹಂಗೆ, ನನ್ನ ಮುಖ ನೋಡಿಯೇ ಹೇಳಿದರು. ತಾತ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ಹಲಗೆಯ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದ.